ಅರ್ಧ ಶ್ರುತಿ ಕೆಳಗೆ

ರೂಪಶ್ರೀ ಬಾಯಿಂದ "ನೀವು" ಎಂಬ ಮಾತು ಬಂದಾಗಲೇ ರೇಣುಕಪ್ರಸಾದನ ಎದೆ ಧಸಕ್ಕೆಂದಿತು. ಬ್ಯಾಂಡು ಕಟ್ಟಿದ ದಿನದಿಂದ "ಲೇ ರೇಣು" ಎನ್ನುತ್ತಿದ್ದವಳು. ಅವಳು ಬೈದರೂ ಒಳಗೊಳಗೇ ಹಿಗ್ಗುತ್ತಿದ್ದವನು ಇವನು. ಮರ್ಯಾದೆ ಕೊಟ್ಟರೆ ಏನು ಮಾಡಬೇಕೆಂದು ಪಾಪ ಅವನಿಗೆ ಗೊತ್ತೇ ಇರಲಿಲ್ಲ.

"ಗಿಟಾರ್ ಕೊಡ್ರಿ ಇಲ್ಲಿ."

ಕೊಟ್ಟ.

ಚನ್ನಗಿರಿ ಬಸ್ ನಿಲ್ದಾಣದ ಹಿಂದೆ, ಒಂದು ಕಾಲಕ್ಕೆ ಹೊಲಿಗೆ ತರಬೇತಿ ನಡೆಯುತ್ತಿದ್ದ ಮಹಡಿಯ ಕೋಣೆ ಅದು. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಹೊಲಿಗೆ ಯಂತ್ರಗಳು, ಉಳಿದ ಜಾಗದಲ್ಲಿ 'ಕೋಡಿ' ಎಂಬ ರಾಕ್ ಬ್ಯಾಂಡು. ಡ್ರಮ್ಸಿಗೆ ಬಿಳಿಚೋಡಿನ ಪರಶುರಾಮ, ಕೀಬೋರ್ಡಿಗೆ ಬಸವಾಪಟ್ಟಣದ ಮಹಾಂತೇಶ, ಹಾಡಿಗೆ ನ್ಯಾಮತಿಯ ರೂಪಶ್ರೀ, ಗಿಟಾರಿಗೆ ಹಗಲೆಲ್ಲ ಬ್ಯಾಟರಿ ಅಂಗಡಿಯಲ್ಲಿ ಇನ್ವರ್ಟರ್ ರಿಪೇರಿ ಮಾಡುವ ನಮ್ಮ ರೇಣು. ಚನ್ನಗಿರಿಯಲ್ಲಿ ರಾಕ್ ಬ್ಯಾಂಡಾ ಎಂದು ನಗಬೇಡಿ, ಊರವರು ಸಾಕಷ್ಟು ನಕ್ಕಾಗಿದೆ. ಸೂಳೆಕೆರೆ ತುಂಬಿ ಕೋಡಿ ಬಿದ್ದ ವರ್ಷ ಕಟ್ಟಿದ್ದರಿಂದ ಆ ಹೆಸರು.

ರೂಪಶ್ರೀ ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದಳು. ಗಿಟಾರಿನ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಪರದೆಯನ್ನು ರೇಣುವಿನ ಮುಖಕ್ಕೆ ಹಿಡಿದಳು.

"ಎಲ್ಲಿರಬೇಕಾಗಿತ್ತು, ಎಲ್ಲೈತೆ? ನೋಡಿ ಹೇಳ್ರಿ."

ಪರಶುರಾಮ ಸರಿಯಾಗಿಯೇ ಇದ್ದ ಸಿಂಬಲ್ ತಟ್ಟೆಯ ತಿರುಪನ್ನು ಮತ್ತೆ ಬಿಗಿ ಮಾಡತೊಡಗಿದ. ಮಹಾಂತೇಶನ ಕೈ ಮೆಲ್ಲಗೆ ಕೀಬೋರ್ಡಿನ ಪರದೆಯ ಮೇಲೆ ಸರಿಯಿತು.

"ಕೈ ತೆಗಿ ಮಹಾಂತೇಶ. ಅಲ್ಲೇನು ಬರದೈತೆ, ಓದು."

"ಮೈನಸ್ ಒನ್," ಎಂದ ಅವನು, ಯಾರಿಗೂ ಕೇಳದಿದ್ದರೆ ಸಾಕು ಎಂಬ ಹಾಗೆ.

"ಯಾವಾಗಿಂದ?"

"ಹೋದ್ ಯುಗಾದಿ ಆದ್ಮ್ಯಾಲಿಂದ."

ರೂಪಶ್ರೀ ಕಣ್ಣು ಮುಚ್ಚಿಕೊಂಡಳು.

ನಡೆದದ್ದಿಷ್ಟೇ. ಅವಳು ನ್ಯಾಮತಿಯ ಒಂದು ಶಾಲೆಯಲ್ಲಿ ಟೀಚರು. ಇಡೀ ದಿನ ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಸವೆದಿತ್ತು. ಮೇಲಿನ ಸ್ವರಕ್ಕೆ ಹೋದಾಗ ದನಿ ಕೂದಲೆಳೆಯಷ್ಟು ನಡುಗುವುದು ಮೊದಲು ಕೇಳಿಸಿದ್ದು ರೇಣುವಿಗೆ. ಕೇಳದೆ ಏನು, ಅವನ ಕಿವಿ ಬೇರೆ ಯಾವುದನ್ನು ಅಷ್ಟು ಆಸೆಯಿಂದ ಕೇಳುತ್ತಿತ್ತು? ಹೇಳಿಬಿಡೋಣ ಎಂದುಕೊಂಡ. ಆದರೆ ಅವಳೊಮ್ಮೆ ಚಹಾ ಕುಡಿಯುತ್ತಾ, "ದನಿ ಹೋದ ದಿನ ನಾನು ಈ ಮೆಟ್ಲು ಹತ್ತಾಕಿಲ್ಲ" ಎಂದಿದ್ದಳು. ಅವಳು ಮೆಟ್ಟಿಲು ಹತ್ತದ ಸಂಜೆಗಳನ್ನು ಏನು ಮಾಡುವುದು ಎಂಬುದೇ ಅವನಿಗೆ ತೋಚಲಿಲ್ಲ.

ಹಾಗಾಗಿ ತಂತಿಗಳನ್ನೆಲ್ಲ ಅರ್ಧ ಶ್ರುತಿ ಸಡಿಲಿಸಿದ. ಮಹಾಂತೇಶನಿಗೆ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು, ಪರದೆಯ ಮೇಲೆ ಮೈನಸ್ ಒನ್. ಇಬ್ಬರಿಗೂ ಮಿರ್ಚಿ ಮಂಡಕ್ಕಿ ತಿನ್ನಿಸಿ, "ಅವಳಿಗೆ ಹೇಳಬ್ಯಾಡ್ರಪ್ಪಾ" ಎಂದು ಕೈ ಮುಗಿದ. ಅಂದು ಸಂಜೆ ರೂಪಶ್ರೀ ಮೇಲಿನ ಸ್ವರವನ್ನು ಸಲೀಸಾಗಿ ಮುಟ್ಟಿ, ಮೈಕಿನಾಚೆಯಿಂದ ರೇಣುವನ್ನು ಓರೆಗಣ್ಣಲ್ಲಿ ನೋಡಿ ನಕ್ಕಳು. ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಗೆದ್ದೆ ನೋಡು ಎನ್ನುವ ನಗೆ. ಆ ಒಂದು ನೋಟಕ್ಕೆ ಇವನು ಮಾರಿಹೋದ. ಮಾಡಿದ್ದು ತಪ್ಪು ಎಂದು ಆಮೇಲೆ ಅನ್ನಿಸಿದಾಗೆಲ್ಲ ಅದನ್ನೇ ನೆನೆಸಿಕೊಂಡು ಸುಮ್ಮನಾದ.

"ಜಗಳೂರಿನಾಗೆ ಏನಾತು ಗೊತ್ತೇನ್ರಿ?" ಎಂದಳು ರೂಪಶ್ರೀ.

ಮೂವರಿಗೂ ಗೊತ್ತಿತ್ತು. ಯಾವುದೋ ಆರ್ಕೆಸ್ಟ್ರಾದವರು ಅವಳನ್ನು ಅತಿಥಿ ಗಾಯಕಿಯೆಂದು ಜಗಳೂರಿಗೆ ಕರೆಸಿದ್ದರು. ದಿನಾ ಹಾಡುವ ಹಾಡೇ, ಆದರೆ ಅವರು ನುಡಿಸಿದ್ದು ಇಳಿಸದ ಶ್ರುತಿಯಲ್ಲಿ. ಮೇಲಕ್ಕೆ ಹೋದಲ್ಲಿ ದನಿ ಒಡೆದು ನಿಂತಿತ್ತು. ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು, ಕೆಳಗೆ ನಗುವ ಮುಖಗಳ ಸಾಲು.

"ಅವರ ಕೀಬೋರ್ಡಿನೋನು ಕೇಳಿದ. ಮೇಡಂ, ನೀವು ಇದನ್ನ ಯಾವ ಪಿಚ್ಚಿಗೆ ಹಾಡೋದು ಅಂತ. ನನಗೆ ಗೊತ್ತಿರಲಿಲ್ಲ ಕಣ್ರೀ. ನನ್ನ ದನಿ ಎಲ್ಲೈತೆ ಅಂತ ನಿಮ್ಮ ಮೂರೂ ಜನಕ್ಕೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ."

"ನಾವು ಬ್ಯಾಡ ಅಂತಾನೇ ಅಂದಿದ್ವಿ," ಎಂದ ಮಹಾಂತೇಶ. "ರೇಣುನೇ ಹಠ ಮಾಡಿದ್ದು."

ಪರಶುರಾಮ ತಲೆ ಎತ್ತಲಿಲ್ಲ. ಪಿ.ಯು.ಸಿ.ಯಿಂದ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಅವನ ಮೌನ ರೇಣುವನ್ನು ಮಹಾಂತೇಶನ ಮಾತಿಗಿಂತ ಹೆಚ್ಚು ನೋಯಿಸಿತು.

"ಯಾಕೆ ಹಿಂಗೆ ಮಾಡಿದ್ರಿ?" ಈಗ ಅವಳು ಕೇಳಿದ್ದು ರೇಣುವನ್ನೊಬ್ಬನನ್ನೇ. ಕೋಪದ ಅಡಿಯಲ್ಲಿ ಏನೋ ಒಂದನ್ನು ಕೇಳಬೇಕೆಂಬ ಆಸೆ ಆ ಕಣ್ಣಲ್ಲಿತ್ತು. ಹೇಳಬೇಕಾದ್ದು ಅವನ ಗಂಟಲ ತನಕ ಬಂತು.

"ಹಾಡು ಚಂದ ಬರಲಿ ಅಂತ," ಎಂದುಬಿಟ್ಟ ಪುಣ್ಯಾತ್ಮ.

ಅವಳು ಗಿಟಾರನ್ನು ಕುರ್ಚಿಗೆ ಒರಗಿಸಿ ಮೆಟ್ಟಿಲಿಳಿದು ಹೋದಳು.

*

ಒಂದು ವಾರ ಯಾರೂ ಮಹಡಿಗೆ ಬರಲಿಲ್ಲ. ಆಮೇಲೊಂದು ಸಂಜೆ ರೇಣು ಬೀಗ ತೆಗೆದರೆ ಡ್ರಮ್ಸ್ ಇರಲಿಲ್ಲ, ಕೀಬೋರ್ಡ್ ಸ್ಟ್ಯಾಂಡೂ ಇರಲಿಲ್ಲ. ಡ್ರಮ್ಸ್ ಇದ್ದ ಕಡೆ ನೆಲದ ಮೇಲೆ ಧೂಳಿಲ್ಲದ ಗುಂಡನೆಯ ಗುರುತುಗಳಿದ್ದವು. ಪರಶುರಾಮ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡು ಹೇಳಿದ. "ಪ್ರ್ಯಾಕ್ಟೀಸು ಇನ್ಮ್ಯಾಲೆ ನ್ಯಾಮತಿಯಾಗೆ, ರೂಪಾ ಮನಿ ಮ್ಯಾಲೆ. ಸದ್ಯಕ್ಕೆ ನೀನು ಬ್ಯಾಡ ಅಂದಾಳೆ ಕಣೋ."

"ಗಿಟಾರು?"

"ಇಲ್ದೇನೇ ಮಾಡ್ತೀವಿ."

ಗಿಟಾರಿಲ್ಲದ ರಾಕ್ ಬ್ಯಾಂಡು. ಬೇರೆ ಹೊತ್ತಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ರೇಣು ಒಬ್ಬನೇ ಅಲ್ಲಿ ಕೂತು ನುಡಿಸಿದ. ತಾಳವಿಲ್ಲದೆ ನುಡಿಸುತ್ತಾ ಹೋದರೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುತ್ತಿರಲಿಲ್ಲ. ಅವಳ ಸಾಲು ಬರುವ ಜಾಗ ಬಂದಾಗ ಅಭ್ಯಾಸಬಲದಿಂದ ತಲೆ ಎತ್ತಿದರೆ ಎದುರಿಗೆ ಬರಿಯ ಹೊಲಿಗೆ ಯಂತ್ರ. ಕೆಳಗೆ ಶಿವಮೊಗ್ಗದ ಬಸ್ಸು ಹಾರ್ನ್ ಹೊಡೆದು ಹೊರಡುತ್ತಿತ್ತು. ಆಮೇಲಾಮೇಲೆ ಅಂಗಡಿಯಿಂದ ಸೀದಾ ಮನೆಗೆ ಹೋಗತೊಡಗಿದ.

ಅಂಗಡಿಯ ಮಾಲೀಕ ಜಯದೇವಪ್ಪನವರು ಒಂದೆರಡು ತಿಂಗಳು ನೋಡಿದರು. "ಚಾರ್ಜಿಗೆ ಇಟ್ಟೀಯ, ಸ್ವಿಚ್ಚೇ ಹಾಕಿಲ್ಲ. ಬ್ಯಾಟ್ರಿ ಕಥೆ ಹೇಳ್ತಿಲ್ಲಪ್ಪ ನಾನು, ನಿನ್ನ ಕಥೆ," ಎಂದರು. ರೇಣು ನಗಲು ನೋಡಿದ, ಆಗಲಿಲ್ಲ. ಜನ ತುಂಬಿದ ಪೇಟೆಯಲ್ಲಿ ಕೂತು ಒಂಟಿತನ ಪಡುವುದು ಹೇಗೆಂದು ಅವನಿಗೆ ಆ ಬೇಸಿಗೆ ಚೆನ್ನಾಗಿ ಕಲಿಸಿತು. ಅವಳ ನಂಬರನ್ನು ತೆಗೆದು ನೋಡುವುದು, ಫೋನು ಮಗುಚಿಡುವುದು, ಇದೇ ಕೆಲಸವಾಗಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಪರಶುರಾಮ ಅಂಗಡಿಗೆ ಬಂದ. ಇನ್ವರ್ಟರಿನ ರೇಟು ಕೇಳಿದ, ಅವನ ಮನೆಯಲ್ಲಿ ಇನ್ವರ್ಟರ್ ಇರಲೇ ಇಲ್ಲ. ರೇಟು ಕೇಳಿಯೂ ಹೋಗದೆ ನಿಂತ.

"ಅವತ್ತು ನಾನೂ ಮಾತಾಡಬೇಕಾಗಿತ್ತು ಕಣೋ. ಮಂಡಕ್ಕಿ ನಾನೂ ತಿಂದಿದ್ನಲ್ಲ. ನಿನ್ನೊಬ್ಬನ ಮ್ಯಾಲೆ ಹಾಕಿ ಸುಮ್ನೆ ನಿಂತೆ."

"ಬಿಡೋ."

"ಬಿಡಾಕೆ ಆಗ್ತಿಲ್ಲ, ಅದಕ್ಕೇ ಬಂದೆ." ಟೇಬಲ್ಲಿನ ಮೇಲಿನ ವೈರನ್ನು ಬೆರಳಿಗೆ ಸುತ್ತಿಕೊಂಡ. "ರೂಪಾ ಡಾಕ್ಟ್ರಿಗೆ ತೋರಿಸಿದ್ಳು. ಭಾಳ ದಿನ ಹಾಡಲೇ ಇಲ್ಲ. ಈಗ ಅವಳೇ ಹೇಳ್ತಾಳೆ, ಇವತ್ತು ಒಂದು ಇಳಿಸು, ಇವತ್ತು ಬ್ಯಾಡ ಅಂತ. ನಾಚಿಕೆ ಇಲ್ಲ, ಏನಿಲ್ಲ. ನಾವು ಸುಮ್ನೆ ಹೆದರಿಕೊಂಡಿದ್ವಿ ನೋಡು." ಸ್ವಲ್ಪ ತಡೆದು, "ಗುರುವಾರ ಹೊನ್ನಾಳಿ ಕಾಲೇಜಿನಾಗೆ ಪ್ರೋಗ್ರಾಂ ಐತೆ. ಮಧ್ಯಾಹ್ನ."

"ಕರಿ ಅಂತ ಅವಳು ಹೇಳಿದ್ಳಾ?"

"ಯಾರೂ ಹೇಳಿಲ್ಲ. ಕುರ್ಚಿ ಎಲ್ಲರಿಗೂ ಹಾಕಿರ್ತಾರೆ."

*

ತನ್ನ ಬ್ಯಾಂಡನ್ನು ಎದುರಿಗೆ ಕೂತು ರೇಣು ಕೇಳಿದ್ದು ಅದೇ ಮೊದಲು. ಶಾಮಿಯಾನದ ಕೊನೆಯ ಸಾಲಿನಲ್ಲಿ, ಸೆಲ್ಫಿ ತೆಗೆದುಕೊಳ್ಳುವ ಹುಡುಗಿಯರ ಹಿಂದೆ ಮುದುಡಿ ಕೂತಿದ್ದ. ಪರಶುರಾಮ ಬಾರಿಸುವಾಗ ನಾಲಿಗೆ ಹೊರಗಿಡುತ್ತಾನೆಂದು ಇಷ್ಟು ವರ್ಷ ಅವನಿಗೆ ಗೊತ್ತಿರಲಿಲ್ಲ. ಮಹಾಂತೇಶ ಪ್ರತಿ ಹಾಡಿಗೂ ಮುಂಚೆ ರೂಪಶ್ರೀಯ ಕಡೆ ನೋಡುತ್ತಿದ್ದ, ಅವಳು ಬೆರಳೆತ್ತಿ ಅಥವಾ ತಲೆಯಾಡಿಸಿ ಶ್ರುತಿ ಹೇಳುತ್ತಿದ್ದಳು. ದನಿ ಮೊದಲಿಗಿಂತ ತಗ್ಗಿತ್ತು, ದಪ್ಪವಾಗಿತ್ತು, ಪೂರ್ತಿ ಅವಳದಾಗಿತ್ತು. ರೇಣುವಿಗೆ ಸಂತೋಷವಾಯಿತು. ತಾನಿಲ್ಲದೆಯೂ ಇಷ್ಟು ಚಂದ ನಡೆಯುತ್ತದಲ್ಲ ಎಂದು ದುಃಖವೂ ಆಯಿತು.

ಕೊನೆಗೆ ಅವನೇ ರಾಗ ಹಾಕಿದ ಹಾಡು. ಮೊದಲ ಚರಣ ಮುಗಿದ ಮೇಲೆ ಗಿಟಾರು ಒಂದೇ ನುಡಿಯುವ ಜಾಗವಿತ್ತು. ಅಲ್ಲಿಗೆ ಬಂದಾಗ ಮಹಾಂತೇಶ ಎರಡೂ ಕೈ ಎತ್ತಿಬಿಟ್ಟ. ಪರಶುರಾಮ ತಾಳವನ್ನಷ್ಟೇ ನಡೆಸಿದ. ರೂಪಶ್ರೀ ಮೈಕು ಕೆಳಗಿಳಿಸಿ ನಿಂತಳು. ಆ ಜಾಗವನ್ನು ಅವರು ಯಾವುದರಿಂದಲೂ ತುಂಬಿರಲಿಲ್ಲ. ಹುಡುಗರು ಇದೂ ಒಂದು ಸ್ಟೈಲ್ ಇರಬೇಕೆಂದು ಚಪ್ಪಾಳೆ ತಟ್ಟತೊಡಗಿದರು. ಕೊನೆಯ ಸಾಲಿನಲ್ಲಿ ಒಬ್ಬನ ಎಡಗೈ ಬೆರಳುಗಳು ತನ್ನ ತೊಡೆಯ ಮೇಲೆ ಆ ಸ್ವರಗಳನ್ನೆಲ್ಲ ಒತ್ತುತ್ತಿದ್ದವು, ಕಣ್ಣು ತುಂಬಿತ್ತು.

ಆಗ ಅವಳು ಅವನನ್ನು ನೋಡಿದಳು. ಎರಡನೆಯ ಚರಣ ಎತ್ತಿಕೊಂಡಳು.

ಜನ ಕರಗಿದ ಮೇಲೆ ರೂಪಶ್ರೀ ಖಾಲಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ರೇಣು ಎದ್ದು ನಿಂತ. ತುಸು ಸಣ್ಣಗಾಗಿದ್ದಳು. ಹಣೆಯ ಬೆವರಿಗೆ ಕುಂಕುಮ ಒಂಚೂರು ಇಳಿದಿತ್ತು, ಒರೆಸಬೇಕೆನ್ನಿಸಿ ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

"ಹೆಂಗಿತ್ತು?"

ಚಂದ ಇತ್ತು ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಹೇಳಿದರೆ ಅವಳು ಥ್ಯಾಂಕ್ಸ್ ಎನ್ನುತ್ತಾಳೆ, ನ್ಯಾಮತಿಯ ಬಸ್ಸು ಹತ್ತುತ್ತಾಳೆ. ಬೇರೆಯದನ್ನು ಹೇಳಿದರೆ ಇನ್ನೆಂದೂ ಮುಖ ನೋಡದಿರಬಹುದು.

"ಎರಡನೇ ಚರಣದಾಗೆ ಶ್ರುತಿ ತಪ್ಪಿತು," ಎಂದ.

ಅವಳು ಕುರ್ಚಿಯೊಂದರ ಬೆನ್ನಿಗೆ ಕೈ ಊರಿ ನಿಂತಳು.

"ಮ್ಯಾಲೆ ಹೋಗೋ ಮುಂಚೆ ಉಸಿರು ಸಾಕಾಗಲಿಲ್ಲ. ಆಮ್ಯಾಲೆ ಸರಿ ಮಾಡ್ಕಂಡೆ, ಆದ್ರೂ ತಪ್ಪಿದ್ದು ಕೇಳಿಸ್ತು." ಅಲ್ಲಿಗೇ ನಿಲ್ಲಿಸಲಿಲ್ಲ. "ಇನ್ನೊಂದು. ಅವತ್ತು ನಾನು ಹೇಳಿದ್ದು ಸುಳ್ಳು. ಹಾಡು ಚಂದ ಬರಲಿ ಅಂತ ಮಾಡಿದ್ದಲ್ಲ. ನೀನು ಬರಾದು ನಿಲ್ಲಿಸ್ತೀಯ ಅಂತ ಹೆದರಿ ಮಾಡಿದ್ದು. ನೀನಂದ್ರೆ ನನಗೆ ಅಷ್ಟು ಇಷ್ಟ ರೂಪಾ."

ವೇದಿಕೆಯ ಮೇಲೆ ವೈರು ಸುತ್ತುತ್ತಿದ್ದ ಪರಶುರಾಮ ಕೈ ನಿಲ್ಲಿಸಿ, ಮತ್ತೆ ಸುತ್ತತೊಡಗಿದ.

ರೂಪಶ್ರೀ ಆ ಸಾಲನ್ನು ಮೆಲ್ಲಗೆ, ಅವನಿಗಷ್ಟೇ ಕೇಳುವ ಹಾಗೆ ಗುನುಗಿದಳು. "ಇಲ್ಲೇನು?"

"ಇನ್ನೂ ಸ್ವಲ್ಪ ಮುಂದೆ."

ಮುಂದಕ್ಕೆ ಗುನುಗಿದಳು.

"ಅಲ್ಲೇ."

"ಬ್ಯಾಂಡಿಗೆ ಬರಾದು ಬ್ಯಾರೆ ಮಾತು," ಎಂದಳು. "ಅದನ್ನ ಅವರಿಬ್ಬರನ್ನೂ ಕೇಳಬೇಕು." ಕುರ್ಚಿಯೊಂದನ್ನು ಎಳೆದು ಅವನ ಪಕ್ಕಕ್ಕೆ ಹಾಕಿ ಕೂತಳು. ಕಣ್ಣಂಚಿನಲ್ಲಿ ನೀರಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಕೂತ್ಕ. ಮೊದಲ್ನೇ ಹಾಡಿನಿಂದ ಏನೇನು ತಪ್ಪೈತೆ, ಒಂದೂ ಬಿಡದಂಗೆ ಹೇಳು. ಇಷ್ಟದ ಮಾತು ಕೊನೀಗೆ ಆಡಾಣ."

ರೇಣು ಅವಳ ಪಕ್ಕದಲ್ಲಿ ಕೂತು, ಮೊದಲ ಹಾಡಿನ ಮೊದಲ ಸಾಲಿನಿಂದ ಹೇಳತೊಡಗಿದ.