ಬಸ್ಸಿನಲ್ಲಿ ಬಿಟ್ಟದ್ದು

ಸೋಮವಾರ ಬೆಳಿಗ್ಗೆ ದೇವರ ಜಗಲಿಯ ಮೇಲೆ ಶರಣ್ಯಾಳ ಕರಡಿಗೆ ಇರಲಿಲ್ಲ.

ಶಿವದಾರವಿಲ್ಲ, ಬೆಳ್ಳಿಯ ಕರಡಿಗೆಯಿಲ್ಲ, ಅದರೊಳಗಿನ ಲಿಂಗವೂ ಇಲ್ಲ. ಭಾನುವಾರದ ಪೂಜೆ ಮುಗಿಸಿ ಮೊಮ್ಮಗಳು ಅದನ್ನು ಅಲ್ಲೇ ಇಟ್ಟದ್ದನ್ನು ಸುವರ್ಣಮ್ಮ ಕಣ್ಣಾರೆ ಕಂಡಿದ್ದರು. ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಗೆ ಹೋಗಿ ದೀಕ್ಷೆ ಕೊಡಿಸಿದ ಲಿಂಗ! ಅದು ಸಿಗುವವರೆಗೆ ಪ್ರಸಾದ ಮುಟ್ಟುವುದಿಲ್ಲ ಎಂದು ಅವರು ಮಣೆಯ ಮೇಲೆ ಕುಳಿತೇಬಿಟ್ಟರು. ಸಕ್ಕರೆ ಕಾಯಿಲೆಯ ಜೀವ. ಸೊಸೆ ಸುಮತಿಗೆ ಕೈಕಾಲೇ ಆಡಲಿಲ್ಲ. ಮಗ ಶಿವರಂಜನ್ ವಿಮಾ ಕಚೇರಿಗೆ ರಜೆ ಹೇಳಿ, ಹುಬ್ಬಳ್ಳಿಯ ಹಾಸ್ಟೆಲಿಗೆ ಫೋನು ಮಾಡಿದ. ಸೀಟಿದೆ, ಸಂಜೆಯೊಳಗೆ ಹೇಳಿ ಎಂದರು ಅವರು. ಹತ್ತು ವರ್ಷದ ಮರೆಗುಳಿಗೆ ಇನ್ನು ಅದೇ ದಾರಿ ಎಂದು ಮನೆಯಲ್ಲಿ ಮಾತಾಯಿತು.

ಆಮೇಲೆ ಚೆನ್ನೈನ ಇನ್ನೊಂದು ತುದಿಯ ಮಾಧವರಂ ಬಡಾವಣೆಗೆ ಫೋನು ಹೋಯಿತು.

ಸುವರ್ಣಮ್ಮನ ತಮ್ಮ ಗುರುಬಸಪ್ಪ ರೈಲ್ವೆಯಲ್ಲಿ ಕಳೆದುಹೋದ ಪಾರ್ಸಲುಗಳ ಜಾಡು ಹಿಡಿಯುತ್ತಲೇ ನಿವೃತ್ತರಾದವರು. ನಿನ್ನೆ ತಾನೇ ಇದೇ ಮೈಲಾಪೂರಿನ ಮನೆಯಲ್ಲಿ ಹೋಳಿಗೆ ಉಂಡು, ಆರಾಮಕುರ್ಚಿಯಲ್ಲಿ ಗೊರಕೆ ಹೊಡೆದು ಹೋಗಿದ್ದರು. ಬಟ್ಟೆಯ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬಂದರು. ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ನೀರನ್ನೂ ಕುಡಿಯದೆ ಮಗುವನ್ನು ಹುಡುಕಿದರು.

ಶರಣ್ಯಾ ಬಾಲ್ಕನಿಯ ಮೂಲೆಯಲ್ಲಿ ಕುಳಿತಿದ್ದಳು. ಇವತ್ತು ಅವಳನ್ನು ಶಾಲೆಗೆ ಕಳಿಸಿರಲಿಲ್ಲ. ಆದರೂ ಬೆನ್ನಿಗೆ ಪುಸ್ತಕದ ಚೀಲ, ಕೊರಳಿಗೆ ಹೊಸ ನೀರಿನ ಬಾಟಲಿ. ಮನೆಯೊಳಗೂ ಅವನ್ನು ಅವಳು ತೆಗೆಯುತ್ತಿರಲಿಲ್ಲವಂತೆ. ಎಡಗೆನ್ನೆ ಕೆಂಪಗಿತ್ತು.

"ಏನವ್ವಾ, ಎಲ್ಲಿಟ್ಟೀ?"

ಹುಡುಗಿ ಮೊದಲು ಪಕ್ಕದಲ್ಲಿ ಬಂದು ನಿಂತ ಅಮ್ಮನ ಮುಖ ನೋಡಿದಳು. ಆಮೇಲೆ ಅಜ್ಜನ ಹಿಂದೆ, ಬಾಗಿಲ ಕಡೆ ನೋಡಿದಳು.

"ಬಸ್ಸುಲ ವಿಟ್ಟುಟ್ಟೇನ್ ಅಜ್ಜಾ."

ಬಸ್ಸಿನಲ್ಲಿ ಬಿಟ್ಟೆ — ತಮಿಳಿನಲ್ಲಿ, ಬಾಯಿಪಾಠ ಒಪ್ಪಿಸಿದ ಹಾಗೆ. ಭಾನುವಾರ ಎಲ್ಲಿಯ ಬಸ್ಸು? ಜಗಲಿಯ ಲಿಂಗಕ್ಕೂ ಬಸ್ಸಿಗೂ ಏನು ಸಂಬಂಧ? ಗುರುಬಸಪ್ಪ ಏನೂ ಕೇಳದೆ ಎದ್ದರು.

ಅಡುಗೆಮನೆಗೆ ಮರಳಿದ್ದ ಸುಮತಿ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮೊದಲಿಂದ ಹೇಳವಾ. ಏನೇನು ಕಳೀತು?"

"ಮೊದಲ ಛತ್ರಿ, ಆಮ್ಯಾಲ ನೀರಿನ ಬಾಟ್ಲಿ. ಅವು ಖರೇನ ಬಸ್ಸಿನ್ಯಾಗ ಹೋದೂರಿ ಮಾವ. ಆಮ್ಯಾಲ ಕಂಪಾಸ್ ಬಾಕ್ಸು, ವಾಚು, ಮೊನ್ನೆ ಟಿಫಿನ್ ಡಬ್ಬಿ. ಮರೀತಾಳ, ಮರೀಲಿ. ಆದ್ರ ಸುಳ್ಳು? ಕಂಪಾಸ್ ಬಸ್ಸಿನ್ಯಾಗ ಬಿಟ್ಟೆ ಅಂತ ಕಣ್ಣಾಗ ಕಣ್ಣಿಟ್ಟು ಸುಳ್ಳು ಹೇಳಿದ್ಲು!"

"ವಾಚು, ಡಬ್ಬಿ?"

"ಅವು ಬಸ್ಸಿನ್ಯಾಗ ಹೋಗಿದ್ದಾವು, ಪಾಪ."

"ಇವತ್ತು ಮುಂಜಾನೆ ಏನಂದ್ಲು?"

ಸುಮತಿ ತಲೆ ತಗ್ಗಿಸಿದಳು. "ಅದನ್ನ ನಿಮ್ಮ ಮುಂದ ಹೇಳಾಕ ನಾಚಿಕಿ ಬರ್ತದರೀ. ಮತ್ತೊಂದು ಸುಳ್ಳು. ತಡೀಲಾರದ ಒಂದು ಕೊಟ್ಟೆ."

ಹಜಾರದಲ್ಲಿ ಶಿವರಂಜನ್ ಫೋನಿನ ಪಕ್ಕವೇ ಕುಳಿತಿದ್ದ.

"ನನಗೂ ಕಳಿಸಬೇಕಂತ ಆಸೆ ಏನಿಲ್ಲ ಮಾಮಾ. ಕಂಪಾಸು, ಡಬ್ಬಿ ಹೋದ್ರ ಹೋಗ್ಲಿ, ಮಕ್ಕಳು ಬಸ್ಸಿನ್ಯಾಗ ಮರೀತಾವ. ಆದ್ರ ನಾ ಕೊಡಿಸಿದ ವಾಚಿನ ಬಗ್ಗೆ ಶುದ್ಧ ಸುಳ್ಳು ಹೇಳಿದ್ಲು. ಅದನ್ನ ಹೆಂಗ ಸಹಿಸೂದು?"

ಜಗಲಿಯ ಮುಂದೆ ಸುವರ್ಣಮ್ಮನ ತುಟಿ ಒಣಗಿತ್ತು.

"ವಾಚು, ಕಂಪಾಸು ಹೋದೂ ಗುರುಬಸೂ. ಆದ್ರ ಡಬ್ಬಿ ಬಸ್ಸಿನ್ಯಾಗ ಬಿಟ್ಟೆ ಅಂದ್ಲಲ್ಲ, ಅದು ಸುಳ್ಳು. ಕೂಸಿಗೆ ಸುಳ್ಳು ಯಾರು ಕಲಿಸಿದ್ರು?"

ಗುರುಬಸಪ್ಪ ಸ್ವಲ್ಪ ಹೊತ್ತು ಬಾಲ್ಕನಿಯ ಕಂಬಿ ಹಿಡಿದು ನಿಂತರು. ಕೆಳಗೆ ಆಟೋದವರ ಜಗಳ ನಡೆದಿತ್ತು. ಸಿಟ್ಟು ಬಂದಾಗ ಅವರಿಗೆ ಕಿವಿ ಬಿಸಿಯಾಗುತ್ತದೆ. ಈಗ ಎರಡೂ ಕಿವಿ ಸುಡುತ್ತಿದ್ದವು. ಮೂವರನ್ನೂ ಜಗಲಿಯ ಮುಂದೆ ಕೂಡಿಸಿದರು. ಬಾಗಿಲಿನ ಹತ್ತಿರ ಶರಣ್ಯಾ.

"ಶಿವೂ, ವಾಚಿನ ಮಾತು ಸುಳ್ಳಂದಿ. ಹೆಂಗ ಗೊತ್ತಾತು?"

"ಅಕೀ ಮಾರಿ ನೋಡಿದ್ರ ಗೊತ್ತಾಗ್ತದ—"

"ಕಂಪಾಸಿನ ಮಾತಿಗೆ ಮಾರಿ ಬ್ಯಾರೆ ಇತ್ತೇನು? ಅದನ್ನ ನಂಬಿದೀ."

ಗುರುಬಸಪ್ಪ ಉಳಿದಿಬ್ಬರ ಕಡೆಗೂ ತಿರುಗಿದರು.

"ಮೂರು ವಸ್ತು. ಮೂರಕ್ಕೂ ಕೂಸು ಹೇಳಿದ್ದು ಒಂದ ಮಾತು. ನೀವು ಮೂರು ಮಂದಿ ಒಂದೊಂದನ್ನ ಮಾತ್ರ ಸುಳ್ಳಂತೀರಿ, ಉಳಿದಿದ್ದನ್ನ ನಂಬ್ತೀರಿ. ಬಸ್ಸಿನ್ಯಾಗ ಇಲ್ಲ ಅಂತ ಗಟ್ಟಿಯಾಗಿ ಯಾರು ಹೇಳಬಲ್ಲರು? ಎಲ್ಲೈತಿ ಅಂತ ಗೊತ್ತಿದ್ದವರು!"

 ಮೊದಲು ಎದ್ದವಳು ಸುಮತಿ. ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಕಂಪಾಸ್ ಬಾಕ್ಸ್ ಬಂತು. ಶಿವರಂಜನನ ಕಚೇರಿಯ ಚೀಲದಿಂದ ವಾಚು ಬಂತು. ಸುವರ್ಣಮ್ಮ ತಮ್ಮ ಸೀರೆಯ ಟ್ರಂಕಿನತ್ತ ಬೆರಳು ತೋರಿಸಿದರಷ್ಟೆ; ಮಡಿಕೆಗಳ ನಡುವೆ ಟಿಫಿನ್ ಡಬ್ಬಿ ಇತ್ತು. ಮೂವರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡಿದರು.

"ಎಲ್ಲೆಂದರಲ್ಲಿ ಒಗೀತಿದ್ಲು. ಎರಡು ದಿನ ಬಚ್ಚಿಟ್ರ ಬುದ್ಧಿ ಬರ್ತದ ಅಂತ..." ಎಂದಳು ಸುಮತಿ. "ಆದ್ರ ಅಷ್ಟರಾಗ ಬಸ್ಸಿನ ಸುಳ್ಳು ಹೇಳಿದ್ಲು. ಖರೇ ಹೇಳೂತನಕ ಕೊಡಬಾರ್ದು ಅಂತ ಹಟ ಹಿಡದೆ."

"ನಾನೂ ಹಂಗ," ಎಂದ ಶಿವರಂಜನ್, ನೆಲ ನೋಡುತ್ತ.

"ಆಕೀಗೆ ಗೊತ್ತಿಲ್ಲದ್ದನ್ನ ಆಕಿ ಹೆಂಗ ಹೇಳಬೇಕು?" ಗುರುಬಸಪ್ಪ ಗದರಿದರು. "ಛತ್ರಿ ಕಳದಾಗ ಬಸ್ಸಂದ್ಲು, ಬೈದು ಬಿಟ್ರಿ. ಆಮ್ಯಾಲ ಎಲ್ಲಿ, ಎಲ್ಲಿ, ಎಲ್ಲಿ ಅಂತ ಜೀವ ತಿಂದ್ರಿ. ಬಸ್ಸು ಅಂದ್ರ ನಿಮ್ಮ ಬಾಯಿ ನಿಲ್ತದ ಅಂತ ಕಲಿತ್ಲು. ಕಳ್ಳರು ಮೂರು ಮಂದಿ, ಶಿಕ್ಷೆ ಕೂಸಿಗೆ!"

"ಲಿಂಗ ನಾವು ಮುಟ್ಟಿಲ್ಲೋ, ಶಿವನಾಣೆ," ಎಂದರು ಸುವರ್ಣಮ್ಮ.

"ಗೊತ್ತದ ಅಕ್ಕಾ. ಸುಮತಿ, ಮುಂಜಾನೆ ಯಾವ ಮಾತಿಗೆ ಹೊಡದಿ? ಈಗ ಹೇಳು."

ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಜ್ಜಗ ಕೊಟ್ಟೀನಿ ಅಂದ್ಲು. ನಿಮ್ಮ ಹೆಸರೂ ಎಳೀತಾಳಲ್ಲ ಅಂತ..."

ಗುರುಬಸಪ್ಪನವರಿಗೆ ಆಗ ಹೊಳೆಯಿತು: ಮಗು ಬಾಲ್ಕನಿಯಿಂದ ನೋಡಿದ್ದು ಬಾಗಿಲನ್ನಲ್ಲ, ಬಾಗಿಲ ಹಿಂದಿನ ಮೊಳೆಯನ್ನು. ಎದ್ದು ಹೋಗಿ ಚೀಲ ಇಳಿಸಿದರು. ತಮ್ಮದೇ ಛತ್ರಿ, ಹಳೆಯ ಪೇಪರು. ಕನ್ನಡಕ ಇಡುವ ಒಳಜೇಬಿನಲ್ಲಿ ಶಾಲೆಯ ಕರ್ಚೀಫಿನ ಗಂಟು, ಗಂಟಿನೊಳಗೆ ಕರಡಿಗೆ. ತಾವೇ ಮಾಧವರಂಗೆ ಹೊತ್ತೊಯ್ದು ತಾವೇ ಹೊತ್ತು ತಂದಿದ್ದರು.

"ನನಗ ಯಾವಾಗ ಹೇಳಿದಿ ಕಂದಾ?"

"ನಿನ್ನೆ, ನೀವು ಚೇರ್‌ನಾಗ ಇದ್ರಿ. ಇಟ್ಕೊಳ್ರಿ ಅಂದೆ. ಹೂಂ ಅಂದ್ರಿ." ಶರಣ್ಯಾ ಗೋಡೆಗೆ ಅಂಟಿ ನಿಂತಳು. "ಈ ಮನೀಲಿ ಇಟ್ಟಿದ್ದೆಲ್ಲಾ ಹೋಗ್ತದ. ನಿಮ್ಮ ಹತ್ರ ಹೋಗಲ್ಲ."

ನಿದ್ದೆಗಣ್ಣಿನ ಆ ಹೂಂ ಗುರುಬಸಪ್ಪನವರಿಗೆ ನೆನಪೇ ಇರಲಿಲ್ಲ.

"ಅಕ್ಕಾ, ಕಳ್ಳರು ನಾಲ್ಕು ಮಂದಿ," ಎಂದರು ಮೆಲ್ಲಗೆ. "ನನ್ನನ್ನೂ ಸೇರಿಸು."

ಶಿವರಂಜನ್ ಹುಬ್ಬಳ್ಳಿಗೆ ಫೋನು ಮಾಡಿ, ಸೀಟು ಬೇಡ ಎಂದ. ಸುವರ್ಣಮ್ಮ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ರೊಟ್ಟಿ ಮುರಿದು ಮೊದಲ ತುತ್ತು ಮೊಮ್ಮಗಳ ಬಾಯಿಗೇ ಇಟ್ಟರು. ಸುಮತಿ ಮಗಳ ಬೆನ್ನಿನ ಚೀಲ ಬಿಚ್ಚಿ, ಮೂರೂ ವಸ್ತುಗಳನ್ನು ಅವಳ ಮಡಿಲಿಗೆ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. "ಇವನ್ನ ನೀ ಕಳದಿದ್ದಿಲ್ಲವಾ, ಒಂದನ್ನೂ ಕಳದಿದ್ದಿಲ್ಲ."

ಶರಣ್ಯಾ ಮಾತ್ರ ಅಳಲಿಲ್ಲ. ಕಂಪಾಸ್ ಬಾಕ್ಸಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿ, ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಜ್ಜನ ಕಿವಿಯ ಹತ್ತಿರ ಬಂದು ಯಾರಿಗೂ ಕೇಳದಂತೆ ಕೇಳಿದಳು:

"ಆದ್ರ ಅಜ್ಜಾ, ಈ ಬಾಕ್ಸ್ ಬಸ್ಸಿನ್ಯಾಗ ಬಿಟ್ಟಿದ್ದು ನಂಗ ನೆನಪದ. ಕಿಟಕಿ ಹತ್ರ ಇಟ್ಟಿದ್ದೆ. ಹಂಗಾರ ಅದು ಯಾವುದು?"