ಖಾಲಿ ಮಾಡಿಸಿದ ಅಟ್ಟ

"ಸಿನಿಮಾದವರು ಅಂತೀರಾ. ಕ್ಯಾಮೆರಾ ಎಲ್ಲಿ?"

ಗೇಟಿನಾಚೆ ನಿಂತಿದ್ದ ಪವಿತ್ರಾ ಕೇಳಿದವನನ್ನೇ ನೋಡಿದಳು. ಎರಡು ತಿಂಗಳಿಂದ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದ ಮುಖ ಈಗ ಮೂರಡಿ ದೂರದಲ್ಲಿತ್ತು. ಎಡಹುಬ್ಬಿಗೆ ತೆಂಗಿನ ನಾರಿನ ಒಂದೆಳೆ ಅಂಟಿಕೊಂಡಿತ್ತು. ಕೈ ಚಾಚಿ ತೆಗೆದುಬಿಡಬೇಕು ಅನ್ನಿಸಿತು.

"ಕ್ಯಾಮೆರಾ ಆಮೇಲೆ ಬರುತ್ತೆ. ಮೊದಲು ಜಾಗ ನೋಡೋದು ನನ್ನ ಕೆಲಸ. ನಿಮ್ಮನೆ ಅಟ್ಟ ಚೆನ್ನಾಗಿದೆ ಅಂದ್ರು..."

"ಯಾರು ಅಂದಿದ್ದು?"

"ಹುಳಿಯಾರಿನವರು."

ಅದರಲ್ಲಿ ನಿಜ ಅಂತ ಇದ್ದದ್ದು ಹುಳಿಯಾರು ಒಂದೇ.

ಪವಿತ್ರಾ ತಿಪಟೂರಿನಲ್ಲಿ ಮದುಮಗಳಿಗೆ ಮೇಕಪ್ ಮಾಡುವವಳು. ಹುಳಿಯಾರಿನ ಒಂದು ಮದುವೆಯಲ್ಲಿ ಈ ಮೋಕ್ಷಿತ್ ಊಟ ಬಡಿಸುತ್ತಿದ್ದ. ಕಿವಿ ಕೇಳದ ಒಬ್ಬ ಮುದುಕಿಗೆ ಪಾಯಸ ಬೇಕಾ ಅಂತ ಸನ್ನೆ ಮಾಡಿದ. ಅವಳು ಎರಡು ಬೆರಳು ತೋರಿಸಿದಳು. ಎರಡು ಸೌಟು ಬಡಿಸಿ, ಮೂರನೆಯದಕ್ಕೂ ಸೌಟು ಎತ್ತಿ ಹೆದರಿಸಿ ನಕ್ಕ. ಅಷ್ಟೇ. ಅಷ್ಟಕ್ಕೇ ಅವಳ ನಿದ್ದೆ ಹೋಯಿತು. ಅವನ ಊರು, ತೋಟ, ಅವನು ಹಾಕುವ ಒಂದೊಂದು ಫೋಟೋ... ತುರುವೇಕೆರೆಯಿಂದ ಆ ಹಳ್ಳಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದೂ ಬಾಯಿಪಾಠವಾಯಿತು. ಸುಮ್ಮನೆ ಹೋಗಿ ನಿಲ್ಲಲು ಒಂದು ನೆಪವಿರಲಿಲ್ಲ. ಅದಕ್ಕೇ ಸಿನಿಮಾ.

ಒಂದು ಭೇಟಿ ಆರಾಯಿತು. ಮೋಕ್ಷಿತ್‌ನ ತಾಯಿ ಗುರುಶಾಂತಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿದರು.

"ಕಥೆ ಏನಮ್ಮ ನಿಮ್ ಸಿನಿಮಾದ್ದು?"

ಇನ್ನೊಂದು ಕಥೆ ಕಟ್ಟುವ ತ್ರಾಣ ಪವಿತ್ರಾಳಿಗೆ ಇರಲಿಲ್ಲ. "ಒಬ್ಳು ಮೋಸಗಾತಿ. ಯಾರೋ ಹುಡುಗನ್ನ ನೋಡಿ ಹುಚ್ಚು ಹಿಡಿದು, ಅವನ ಮನೆಗೆ ಬರೋದಕ್ಕೆ ದಿನಕ್ಕೊಂದು ಸುಳ್ಳು ಹೇಳ್ತಾಳೆ."

"ಆಸ್ತಿ ಹೊಡ್ಯಕ್ಕಾ?"

"ಇಲ್ಲಮ್ಮ. ಅವನನ್ನ ನೋಡೋಕೆ."

"ಬರೀ ನೋಡಕ್ಕಾ? ಬಾಯಾರ್ತು ನೀರು ಕೊಡಿ ಅಂತ ಬಂದಿದ್ರೆ ಆಗ್ತಿರ್ಲಿಲ್ವಾ? ದಡ್ಡಿ ಕಣಮ್ಮ ನಿಮ್ ಹೀರೋಯಿನ್ನು."

ಮೋಕ್ಷಿತ್ ನಕ್ಕ. "ಪಾಪ ಅನ್ಸುತ್ತಮ್ಮ ನಂಗೆ."

"ನಿಂಗೆ ಎಲ್ರೂ ಪಾಪಾನೇ. ಬುಡು."

ಹೊರಡುವಾಗ ಗುರುಶಾಂತಮ್ಮ ಹುಚ್ಚೆಳ್ಳು ಚಟ್ನಿಪುಡಿಯನ್ನು ಎರಡು ಪೊಟ್ಟಣ ಕಟ್ಟಿಕೊಟ್ಟರು. "ಒಂದು ನಿಮ್ ಡೈರೆಕ್ಟ್ರಿಗೆ. ಹೊಟೇಲ್ ಊಟ ಮಾಡಿ ನಾಲಿಗೆ ಕೆಟ್ಟಿರ್ತದೆ ಪಾಪ."

ಇಲ್ಲದ ಡೈರೆಕ್ಟರನ ಪೊಟ್ಟಣವನ್ನು ಪವಿತ್ರಾಳಿಗೆ ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಬ್ಯಾಗಿನಲ್ಲಿ ಅದು ವಾರಗಟ್ಟಲೆ ಉಳಿಯಿತು. ಬ್ರಷ್ ತೆಗೆಯಲು ಕೈ ಹಾಕಿದಾಗಲೆಲ್ಲ ಬೆರಳಿಗೆ ಸಿಗುತ್ತಿತ್ತು. ಮದುಮಗಳ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದವಳಿಗೆ ತನ್ನ ಕಣ್ಣೇ ತುಂಬಿಬರುತ್ತಿತ್ತು.

ಸಾಕು. ಮುಗಿಸಬೇಕು. ಆದರೆ ನಿಜ ಹೇಳುವ ಧೈರ್ಯ?

ಧೈರ್ಯ ಬೇಡದ ಒಂದು ದಾರಿ ಹೊಳೆಯಿತು. ಅವಳ ಅಮ್ಮ ಕೆಂಪಕ್ಕ ಮೂವತ್ತು ವರ್ಷ ಕೊಬ್ಬರಿ ಸುಲಿಯಲು ಕೂಲಿ ಹೋದವಳು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹನ್ನೊಂದು ತಿಂಗಳು ಅಲುಗಾಡಬಾರದು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ನಡುವೆ ಎತ್ತಿ ಹಾಕಿದರೆ ಚಿಪ್ಪು ಬಿರಿದು ಒಳಗೇ ಕೊಳೆಯುತ್ತದೆ. ಈ ಸೀಮೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಮೋಕ್ಷಿತ್ ಮನೆಯ ಅಟ್ಟದಲ್ಲಿದ್ದ ಕಾಯಿಗೆ ಇನ್ನೂ ಏಳೇ ತಿಂಗಳು.

ಅವರು ಖಂಡಿತ ಒಪ್ಪದ ಮಾತನ್ನೇ ಕೇಳಿದರಾಯಿತು. ಆಗಲ್ಲ ಅನ್ನುತ್ತಾರೆ. ಸಿನಿಮಾ ನಿಂತಿತು ಅಂದುಕೊಳ್ಳುತ್ತಾರೆ. ತಾನು ಮರ್ಯಾದೆಯಿಂದ ಮರೆಯಾಗಬಹುದು...

ಫೋನು ಮಾಡಿದಳು. "ಡೈರೆಕ್ಟರಿಗೆ ಖಾಲಿ ಅಟ್ಟ ಬೇಕಂತೆ. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೋತೀವಿ."

ಮೋಕ್ಷಿತ್ ಕೇಳಿದ, "ಬೇರೆ ಮನೆ ಅಂದ್ರೆ ನೀವು ಈ ಕಡೆ ಬರಲ್ವಾ?"

"ಇಲ್ಲ."

"ಸರಿ. ಹೇಳ್ತೀನಿ."

ಮೂರನೇ ದಿನ ಸಂದೇಶ ಬಂತು. "ಖಾಲಿ ಆಯ್ತು. ಬನ್ನಿ."

ಪವಿತ್ರಾ ಬ್ರಷ್ ಅಲ್ಲೇ ಬಿಟ್ಟು ಬಸ್ಸು ಹಿಡಿದಳು.

ಅಂಗಳದ ತುಂಬ ಕಾಯಿ. ಆತುರದಲ್ಲಿ ಮೇಲಿನಿಂದ ಉರುಳಿಸಿದ್ದು ನೋಡಿದರೇ ತಿಳಿಯುತ್ತಿತ್ತು. ಎಷ್ಟೋ ಕಾಯಿ ಒಳಗೇ ಬಿರಿದು, ಸಿಪ್ಪೆ ಒದ್ದೆಯಾಗಿತ್ತು. ಹುಳಿ ವಾಸನೆ ಗೇಟಿನವರೆಗೂ ಬರುತ್ತಿತ್ತು. ಗುರುಶಾಂತಮ್ಮ ಮೆಟ್ಟಿಲ ಮೇಲೆ ಕೂತಿದ್ದರು.

"ಬಾಮ್ಮ. ಅಟ್ಟಕ್ಕೆ ಗೆದ್ದಲು ಹತ್ತಿದೆ, ಈಗ್ಲೇ ಇಳಿಸ್ಬೇಕು ಅಂದ ಇವ್ನು. ನಾನು ಸಂಬಂಧಿಕರ ಮನೆಗೆ ಹೋಗಿದ್ದಾಗ ಇಳಿಸ್ಬುಟ್ಟ. ಎಲ್ಲಿ ಗೆದ್ದಲು ತೋರ್ಸು ಅಂದ್ರೆ ಬಾಯೇ ಬಿಡ್ತಿಲ್ಲ. ನಮ್ಮತ್ತೆ ತೀರ್ಕೊಂಡ ದಿನಾನೂ ಈ ಅಟ್ಟದಿಂದ ಒಂದ್ ಕಾಯಿ ಇಳಿದಿರ್ಲಿಲ್ಲ."

ಮೋಕ್ಷಿತ್ ಕಂಬಕ್ಕೆ ಒರಗಿ ನಿಂತಿದ್ದ. ಅವನು ಪವಿತ್ರಾಳನ್ನು ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ. ಹೇಳಬೇಡಿ ಅನ್ನುವ ಬೇಡಿಕೆಯಿತ್ತು.

'ನನಗಾಗಿ ಹೆತ್ತ ತಾಯಿಗೇ ಸುಳ್ಳು ಹೇಳಿದ್ದಾನೆ... ಇವನಿಗೂ ಅದನ್ನು ಕಲಿಸಿಬಿಟ್ಟೆನಾ?'

"ಗೆದ್ದಲು ಇಲ್ಲಮ್ಮ," ಅಂದಳು. "ಖಾಲಿ ಮಾಡಿ ಅಂದಿದ್ದು ನಾನು. ಸಿನಿಮಾನೂ ಇಲ್ಲ. ಡೈರೆಕ್ಟರೂ ಇಲ್ಲ. ನಾನು ಮೇಕಪ್ ಮಾಡೋಳು, ಕೊಬ್ರಿ ಸುಲಿಯೋ ಕೆಂಪಕ್ಕನ ಮಗಳು."

ಗುರುಶಾಂತಮ್ಮ ಎದ್ದು ಅವಳ ಮುಖಕ್ಕೆ ಮುಖ ತಂದು ನೋಡಿದರು.

"ಆ ಮೋಸಗಾತಿ ನೀನೇನಾ?"

"ಹೂಂ."

"ಕೊಬ್ರಿ ಸುಲಿಯೋರ ಮನೇಲಿ ಹುಟ್ಟಿ, ಏಳು ತಿಂಗಳ ಕಾಯಿ ಇಳಿಸಿ ಅನ್ನಕ್ಕೆ ನಿಂಗೆ ಬಾಯಾದ್ರೂ ಹೆಂಗ್ ಬಂತು?"

ಗುರುಶಾಂತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೋಗಿ ಮೇಡಂ," ಅಂದ ಮೋಕ್ಷಿತ್.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಬಂದಳು. ಯಾರನ್ನೂ ಕೇಳದೆ ಅಂಗಳದಲ್ಲಿ ಕೂತು, ಒಂದೊಂದೇ ಕಾಯನ್ನು ಕಿವಿಗಿಟ್ಟು ಅಲ್ಲಾಡಿಸಿ, ಮೂಸಿ, ಗಟ್ಟಿ ಇದ್ದದ್ದನ್ನು ಒಂದು ಕಡೆ, ಬಿರಿದದ್ದನ್ನು ಇನ್ನೊಂದು ಕಡೆ ಇಟ್ಟಳು. ಗುರುಶಾಂತಮ್ಮ ಹಾಲು ಕರೆಯಲು ಹೋಗುವಾಗ ಅವಳನ್ನು ಸುತ್ತು ಹಾಕಿಕೊಂಡು ಹೋದರು. ಮೂರು ದಿನ ಯಾರೂ ಮಾತಾಡಿಸಲಿಲ್ಲ. ಅರ್ಧಕ್ಕರ್ಧ ಹಾಳಾಗಿತ್ತು.

ನಾಲ್ಕನೇ ದಿನ ಉಳಿದ ಕಾಯನ್ನು ಮೇಲೇರಿಸಬೇಕು. ಪವಿತ್ರಾ ಏಣಿಯ ನಡುವೆ ನಿಂತು ಒಂದೊಂದನ್ನೇ ಎತ್ತಿ ಕೊಟ್ಟಳು. ಮೇಲೆ ಮೋಕ್ಷಿತ್ ಎರಡೂ ಕೈಯಲ್ಲಿ ತೆಗೆದುಕೊಂಡು ಸದ್ದಾಗದಂತೆ ಜೋಡಿಸಿದ.

"ಅಮ್ಮ ನಿಮಗೆ ಬೈತಿದ್ದಾಗ ನಾನು ಸುಮ್ನೆ ನಿಂತಿದ್ದೆ," ಅಂದ ಅವನು, ಕಾಯಿಯ ಕಡೆಗೇ ನೋಡುತ್ತಾ. "ಇಳಿಸಿದ್ದು ನಾನು. ಬೈಸ್ಕೊಂಡಿದ್ದು ನೀವು. ಮೂರು ದಿನದಿಂದ ಅನ್ನ ಇಳೀತಿಲ್ಲ ನಂಗೆ."

"ಸುಳ್ಳು ನಂದು..."

"ಕೇಳಿ ಇಲ್ಲಿ. ಹಾಳಾಗ್ತದೆ ಅಂತ ಗೊತ್ತಿದ್ದೇ ಇಳಿಸ್ದೆ. ಸಿನಿಮಾಗೋಸ್ಕರ ಅಲ್ಲ. ಬೇರೆ ಮನೆಗೆ ಹೋಗ್ಬುಡ್ತೀನಿ ಅಂದ್ರಲ್ಲ, ಅದಕ್ಕೆ. ನೀವು ಬರೋ ಬಸ್ಸಿನ ಸದ್ದು ಕೇಳಿಸ್ದಿದ್ರೆ ನಂಗೆ ತೋಟಕ್ಕೆ ಹೋಗಕ್ಕೂ ಮನಸ್ಸಾಗ್ತಿರ್ಲಿಲ್ಲ."

ಪವಿತ್ರಾಳ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಸಂತೋಷಪಡುವ ಹಕ್ಕು ತನಗಿದೆಯೇ ಎಂದು ತಿಳಿಯದೆ ಅವಳು ಅತ್ತಳು.

"ನನ್ನ ಕ್ಷಮಿಸ್ಬೇಡಿ ಈಗ್ಲೇ. ನಿಮ್ಮಮ್ಮನ ಮುಖ ನೋಡೋಕಾಗ್ತಿಲ್ಲ ನಂಗೆ."

"ನಂಗೂ ಆಗ್ತಿಲ್ಲ."

ಕೆಳಗೆ ಗುರುಶಾಂತಮ್ಮನ ದನಿ ಕೇಳಿತು. "ಮುದ್ದೆ ಆರ್ತಾ ಐತೆ. ಇಳೀರಿ ಇಬ್ರೂನೂ. ನಿಮ್ಮಿಬ್ರನ್ನೂ ಬಿಟ್ರೆ ಇನ್ನೇನ್ ಕಥೆ ಕಟ್ತೀರೋ. ನನ್ ಕಣ್ಣೆದುರಿಗೇ ಕೂತು ಉಣ್ಣಿ."

ಪವಿತ್ರಾ ಕಣ್ಣೊರೆಸಿಕೊಂಡು ಮೇಲೆ ನೋಡಿದಳು. "ನಾನು ಊರಿಗೆ ಹೋಗ್ಲಾ, ಮೋಕ್ಷಿತ್?"

ಅವನು ಬಗ್ಗಿ, ಅವಳ ಕೈಯ ಮೇಲೆ ಕೈಯಿಟ್ಟು ಆ ಕಾಯನ್ನು ತೆಗೆದುಕೊಂಡ. ಕೈ ಮಾತ್ರ ಬಿಡಲಿಲ್ಲ.

"ಹೋಗು ಅನ್ಬೋದು, ಪವಿತ್ರಾ. ಆದ್ರೆ ಅದು ಸುಳ್ಳಾಗುತ್ತೆ."