ಬಿದ್ದವಳು ಏಳುವ ಹೊತ್ತು

ಹಲ್ಲಿನ ಸೆಟ್ಟಿನ ಗುಲಾಬಿ ಒಸಡನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದಿದ್ದಳು ಅವಳು. ಒದ್ದೆ ಪುಡಿ ಏಪ್ರನ್ ಮೇಲೆಲ್ಲ ಸಿಡಿಯುತ್ತಿತ್ತು. ಯಾರೋ ಅಜ್ಜನ ಹಲ್ಲು. ಸಾಸಿವೆಯಷ್ಟು ಉಬ್ಬು ಉಳಿದರೂ ಅವರ ಬಾಯಲ್ಲಿ ಹುಣ್ಣಾಗುತ್ತದೆ. ಮನಸ್ಸಿಟ್ಟು ಮಾಡಬೇಕಾದ ಕೆಲಸ.

ಮನಸ್ಸೇ ಅಲ್ಲಿರಲಿಲ್ಲ.

"ಫೈನಲ್ ಆಡಲ್ವಂತೆ?"

ಚಕ್ರದ ಸದ್ದಿನ ನಡುವೆಯೂ ಆ ದನಿ ನೇರ ಎದೆಗೇ ಬಂದು ತಗುಲಿತು. ಅವಳು ತಲೆ ಎತ್ತಲಿಲ್ಲ.

ಲ್ಯಾಬಿನ ಬಾಗಿಲಲ್ಲಿ ನಿಂತಿದ್ದವನು ಲಿಫ್ಟ್ ಮೆಕ್ಯಾನಿಕ್. ವಿಡಿಯೋ ಗೇಮ್ ಹಾಲಿನಲ್ಲಿ ಎಲ್ಲರ ಬಾಯಲ್ಲೂ ಅವನು 'ಲಿಫ್ಟು'. ವರ್ಷದಿಂದ ಅವಳ ಪಕ್ಕದಲ್ಲೇ ಕೂತು ತೆರೆಯ ಮೇಲಿನ ಕುಸ್ತಿಯ ಆಟ ಅಭ್ಯಾಸ ಮಾಡಿಸಿದವನು. ನಿನ್ನೆ ಸೆಮಿಫೈನಲ್‌ನಲ್ಲಿ ಅವಳ ಎದುರೇ ಸೋತವನು.

ಅಲ್ಲ... ಬೇಕೆಂದೇ ಸೋತವನು!

"ಇದು ಕೆಲಸದ ಜಾಗ," ಎಂದಳು.

"ಒಂದೇ ಮಾತು. ಹೇಳಿ ಹೋಗ್ತೀನಿ."

"ಹೇಳೋದೆಲ್ಲ ನಿನ್ನೆ ಎಲ್ಲರ ಮುಂದೆ ಆಟದಲ್ಲೇ ಹೇಳಿದ್ರಲ್ಲ! ಸಂಜೆ ಏಳರ ಒಳಗೆ ನನ್ನ ಹೆಸರು ವಾಪಸ್ ತಗೋತೀನಿ. ಆಮೇಲೆ ಆ ಜಾಗ ನಿಮ್ಮದೇ. ನಾಳೆ ಹೋಗಿ ಆಡಿ."

"ನಂಗೆ ಬೇಡ ಆ ಜಾಗ."

"ಗೊತ್ತು. ಬೇಡ ಅಂತಾನೇ ತಾನೇ ನಂಗೆ ಬಿಟ್ಟುಕೊಟ್ಟಿದ್ದು?"

ಅವನ ಮುಖ ಇಳಿದುಹೋಯಿತು. ತಿರುಗಿ ಹೊರಟ. ಮೆಟ್ಟಿಲಿಳಿಯುವ ಬೂಟಿನ ಸದ್ದು ದೂರವಾಯಿತು.

ಪಕ್ಕದ ಮೇಜಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುತ್ತಿದ್ದ ಹಿರಿಯಕ್ಕ ಕನ್ನಡಕದ ಮೇಲಿಂದ ನೋಡಿದರು.

"ಅಲ್ವೇ, ನಿನ್ನ ಕೋಪಕ್ಕೆ ಆ ಅಜ್ಜನ ಒಸಡು ಏನೇ ಮಾಡಿತ್ತು? ತೇಯ್ದು ತೇಯ್ದು ಹಾಳೆ ಮಾಡ್ತಿದ್ದೀಯಲ್ಲೇ!"

ಅವಳು ಗಾಬರಿಯಿಂದ ಚಕ್ರ ನಿಲ್ಲಿಸಿದಳು.

"ಅಲ್ಲಿ ಗೇಮ್ ಹಾಲಲ್ಲಿ ಎಲ್ಲ ನಿನ್ನ 'ಹಲ್ಲಕ್ಕ, ಹಲ್ಲಕ್ಕ' ಅಂತಾರಂತೆ. ಇಲ್ಲಿಗೆ ಬಂದಾಗೆಲ್ಲ ನೋಡಿದ್ದೀನಿ, ಈ ಮಹಾಶಯ ಒಂದು ಸಲಾನೂ ಅಕ್ಕ ಅಂದಿದ್ದು ನಾ ಕೇಳಿಲ್ಲ. ಯಾಕೆ ಅಂತ ಯೋಚ್ನೆ ಮಾಡಿದ್ಯಾ?"

"ಅಕ್ಕಾ... ಸುಮ್ನಿರಿ!"

"ನಾನು ಸುಮ್ನಿರ್ತೀನಮ್ಮ. ನಿನ್ನ ಕಿವಿ ಯಾಕೆ ಕೆಂಪಾಯ್ತು, ಅದನ್ನ ಕೇಳ್ಕೋ."

ಯೋಚನೆ ಮಾಡದೇ ಇದ್ದಾಳೆಯೇ?

ಮೊದಲ ದಿನವೇ ಅವನು ಅವಳನ್ನು ಹೀನಾಯವಾಗಿ ಸೋಲಿಸಿದ್ದ. ಸೋಲಿಸಿ, ಒಂದಿಷ್ಟೂ ಮುಲಾಜಿಲ್ಲದೆ ಹೇಳಿದ್ದ: "ನೀವು ಬಿದ್ದು ಏಳ್ತಿದ್ದಂಗೇ ಗುದ್ದು ಹಾಕ್ತೀರಿ. ಪ್ರತೀ ಸಲ. ಕಣ್ಣು ಮುಚ್ಚಿಕೊಂಡು ನಿಮ್ಮನ್ನ ಹೊಡೀಬಹುದು."

ಎಂಥ ಸೊಕ್ಕು ಎನಿಸಿತ್ತು. ಆದರೆ ಮರುದಿನ ಅವಳೇ ಹೋಗಿ ಪಕ್ಕದಲ್ಲಿ ಕೂತಳು. "ಹೇಗೆ ಅಂತ ತೋರಿಸಿ."

ಅವನು ತೋರಿಸಿದ. ತೆರೆಯ ಮೇಲಿನ ಪ್ರತಿ ಗುದ್ದಿಗೂ ಹೋಗುವ ಹೊತ್ತೊಂದು, ವಾಪಸ್ ಬರುವ ಹೊತ್ತೊಂದು. ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಹೊತ್ತು. "ಬೀಸಿದ ಕೈ ಮನೆಗೆ ವಾಪಸ್ ಬರೋವರೆಗೂ ಮನೆ ಬಾಗಿಲು ತೆರೆದೇ ಇರುತ್ತೆ. ಕಳ್ಳ ನುಗ್ಗೋದೇ ಆಗ," ಎನ್ನುತ್ತಿದ್ದ. ಯಂತ್ರವೇ ಆಡಿಸುವ ತೆರೆಯ ಬೊಂಬೆಗೆ ಒಂದೇ ಹೊಡೆತ ಕಲಿಸಿಟ್ಟು, ಅದನ್ನೇ ಮತ್ತೆ ಮತ್ತೆ ಅವಳ ಮೇಲೆ ಬಿಡುತ್ತಿದ್ದ. ತಡೆ. ಮತ್ತೆ ತಡೆ. ಈಗ ಹೊಡಿ. ತಡವಾಯ್ತು. ಇನ್ನೊಮ್ಮೆ.

ಬೇರೆ ಎಲ್ಲವನ್ನೂ ಕಲಿತಳು. ಆ ಒಂದು ಚಟ ಮಾತ್ರ ಬಿಡಲಿಲ್ಲ. ಬಿದ್ದರೆ ಸಾಕು, ಎದೆ ಧಗ್ಗೆನ್ನುತ್ತಿತ್ತು, ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು. ಬಿದ್ದಲ್ಲೇ ಇರುವುದನ್ನು ಅವಳ ಮೈ ಒಪ್ಪುತ್ತಿರಲಿಲ್ಲ.

ಅದಕ್ಕೆ ಕಾರಣ ಆಟದಲ್ಲಿರಲಿಲ್ಲ. ಬಿಟ್ಟು ಬಂದ ಮನೆಯಲ್ಲಿತ್ತು.

ಗಂಡನಾಗಿದ್ದವನು ಬಂದವರ ಎದುರು ಅವಳ ಜೊತೆ ಕೇರಂ ಆಡುತ್ತಿದ್ದ. ಬೇಕೆಂದೇ ಕೆಂಪು ಕಾಯಿ ತಪ್ಪಿಸಿ, ಅತಿಥಿಗಳ ಕಡೆ ಕಣ್ಣು ಹೊಡೆಯುತ್ತಿದ್ದ. "ಗೆಲ್ಲಲಿ ಬಿಡಿ ಪಾಪ, ಅವಳಿಗೂ ಒಂಚೂರು ಖುಷಿಯಾಗ್ಲಿ." ಎಲ್ಲರೂ ನಗುತ್ತಿದ್ದರು. ಅವಳೂ ನಗಬೇಕಿತ್ತು. ಅವನು ಹೊಡೆದವನಲ್ಲ, ಬೈದವನಲ್ಲ. ಆ 'ಪಾಪ' ಎಂಬ ಎರಡಕ್ಷರದಲ್ಲೇ ಅವಳನ್ನು ತೇಯ್ದು ಮುಗಿಸಿದ್ದ.

ಹಾಗಾಗಿ ಒಂದು ಗೆಲುವು ಬೇಕಿತ್ತು ಅವಳಿಗೆ. ಒಂದೇ ಒಂದು. ಯಾರೂ ಕೊಡದ್ದು.

ನಿನ್ನೆ ಅದು ಸಿಕ್ಕಿತೆಂದುಕೊಂಡಳು. ಹಾಲ್ ಕಿಕ್ಕಿರಿದಿತ್ತು. ತೆರೆಯ ಮೇಲೆ ಅವಳು ಬಿದ್ದಳು. ಬಿದ್ದವರ ಮೇಲೆ ಎಗರುವುದು ಆಟದ ಧರ್ಮ. ಅವನು ಎಗರಲಿಲ್ಲ, ಮುಂದೆ ಬಂದು ಸುಮ್ಮನೆ ನಿಂತ! ಮತ್ತೆ ಬಿದ್ದಳು. ಮತ್ತೆ ನಿಂತ. ಕೊನೆಗೆ ಅವಳು ಗೆದ್ದಾಗ ಹಿಂದಿನಿಂದ ಯಾರೋ ಕೂಗಿದರು: "ಬಿಟ್ಟುಕೊಟ್ಟ ಗುರೂ! ಹಲ್ಲಕ್ಕನ ಹಲ್ಲು ಮುರಿಯೋ ಧೈರ್ಯ ಇಲ್ಲ ಇವನಿಗೆ!"

ನಗು. ಅದೇ ಹಳೆಯ ನಗು.

*

ಸಂಜೆ ಅವಳು ಗೇಮ್ ಹಾಲಿನ ಮೆಟ್ಟಿಲು ಹತ್ತಿದಳು. ಹಾಲಿನ ಯಜಮಾನರು, ಎಲ್ಲರ ಪಾಲಿನ 'ಮಾಮ', ಗೋಡೆಯ ಮೇಲಿನ ಪಂದ್ಯದ ಪಟ್ಟಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮಾಮ, ನನ್ನ ಹೆಸರು ಹೊಡೆದುಹಾಕಿ."

"ಇನ್ನೂ ಹೊತ್ತಿದೆ ಕಣಮ್ಮ. ಅವಸರ ಏನು? ಅಲ್ಲೊಬ್ಬ ಕೆಲಸಕ್ಕೆ ಚಕ್ಕರ್ ಹೊಡೆದು ಮಧ್ಯಾಹ್ನದಿಂದ ಕಾಯ್ತಿದ್ದಾನೆ. ಎಲ್ಲೋ ಯಾರೋ ಲಿಫ್ಟಲ್ಲಿ ಸಿಕ್ಕಾಕ್ಕೊಂಡು ಒದ್ದಾಡ್ತಿರಬೇಕು. ಹೋಗಿ ಬೈದಾದ್ರೂ ಬಾ, ಆ ಬಡಪಾಯಿಗಳಾದ್ರೂ ಇಳೀಲಿ."

ಮೂಲೆಯ ಯಂತ್ರದ ಮುಂದೆ ಅವನಿದ್ದ. ಅವಳನ್ನು ಕಂಡು ಎದ್ದು ನಿಂತ.

"ಐದು ನಿಮಿಷ ಕೊಡಿ. ಆಮೇಲೂ ಹೆಸರು ತೆಗೆಸ್ತೀನಿ ಅಂದ್ರೆ ನಾನೇ ಪೆನ್ನು ತಂದುಕೊಡ್ತೀನಿ."

"ವಾದ ಮಾಡೋಕೆ ನಂಗೆ ಶಕ್ತಿ ಇಲ್ಲ."

"ವಾದ ಇಲ್ಲ. ಆಡಿ, ಅಷ್ಟೆ. ನೀವು ನಾನಾಗಿ."

ಅವನ ಪಾತ್ರವನ್ನು ಅವಳ ಕೈಗೆ ಕೊಟ್ಟ. ಎದುರಿನ ಬೊಂಬೆ ಅವಳದೇ ಪಾತ್ರ. ಬಿದ್ದು ಏಳುತ್ತಿದ್ದಂತೆ ಗುದ್ದು ಬೀಸುವಂತೆ ಅದಕ್ಕೆ ಕಲಿಸಿಟ್ಟಿದ್ದ.

"ಇದಕ್ಕೆ ಶಿಕ್ಷೆ ಕೊಡಿ. ಇರೋದ್ರಲ್ಲೇ ದೊಡ್ಡ ಶಿಕ್ಷೆ."

ಅವಳು ಅವನ ಮುಖ ನೋಡದೆ ಬೊಂಬೆಯನ್ನು ಬೀಳಿಸಿದಳು. ಮೇಲೆ ಎಗರಿದಳು. ಬೊಂಬೆಯ ಗುದ್ದು ಅವಳಿಗೇ ಬಿತ್ತು. ಮತ್ತೆ ಬೀಳಿಸಿದಳು. ಈ ಸಲ ಎಗರಲಿಲ್ಲ. ಹತ್ತಿರ ಹೋಗಿ, ತಡೆ ಹಿಡಿದು ನಿಂತಳು. ಗುದ್ದು ಬಂದು ತಡೆಗೆ ಬಡಿಯಿತು. ಬೀಸಿದ ಕೈ ಇನ್ನೂ ವಾಪಸ್ ಹೋಗಿರಲಿಲ್ಲ...

ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು.

ದೊಡ್ಡ ಶಿಕ್ಷೆ ಕೊಡಬೇಕೆಂದರೆ ಮೊದಲು ಸುಮ್ಮನೆ ನಿಲ್ಲಬೇಕು!

"ನೀವು..." ಅವನತ್ತ ತಿರುಗಿದಳು. "ನಿನ್ನೆ ನಿಂತಿದ್ದು..."

"ನೋಡಿ." ನಿನ್ನೆಯ ಆಟವನ್ನು ತೆರೆಯ ಮೇಲೆ ಹಾಕಿದ. ಯಾರ ಕೈ ಯಾವಾಗ ಏನು ಒತ್ತಿತು ಎಂಬುದು ಎರಡೂ ಅಂಚಿನಲ್ಲಿ ಮೂಡುತ್ತಾ ಹೋಯಿತು. ಅವಳು ಬಿದ್ದಳು. ಅವನ ಅಂಚಿನಲ್ಲಿ ತಡೆಯ ಗುರುತು. ಬಿಗಿಯಾಗಿ ಹಿಡಿದ ತಡೆ. ಬಿಟ್ಟುಕೊಡುವವನ ಕೈ ಅದಲ್ಲ. ಬಲೆ ಹರವಿಕೊಂಡು ಉಸಿರು ಬಿಗಿಹಿಡಿದವನ ಕೈ.

ಅವಳ ಅಂಚು?

ಖಾಲಿ.

ಎರಡನೇ ಸಲ ಬಿದ್ದಾಗಲೂ ಖಾಲಿ. ಅವಳು ಗುದ್ದಿರಲೇ ಇಲ್ಲ!

"ನಾನು... ಒತ್ತಲಿಲ್ವಾ?"

"ಒತ್ತಲಿಲ್ಲ! ನಾನು ಕಾಯ್ತಾ ಇದ್ದೆ, ಈಗ ಬರ್ತಾರೆ, ಈಗ ಬರ್ತಾರೆ ಅಂತ. ನೀವು ಆರಾಮಾಗಿ ಎದ್ದು ನನ್ನನ್ನೇ ನೋಡ್ತಾ ನಿಂತ್ರಿ. ಬೆವರಿಳೀತು ನಂಗೆ."

ಯಾವಾಗ ಬಿಟ್ಟುಹೋಯಿತು ಆ ಚಟ? ಅವಳಿಗೇ ಗೊತ್ತಿಲ್ಲ. ಗುರುವಿಗೂ ಹೇಳದೆ, ತನಗೂ ಹೇಳದೆ, ಬೆರಳು ಯಾವುದೋ ಒಂದು ಮಾಮೂಲಿ ಸಂಜೆ ತಾನಾಗಿ ಕಲಿತುಬಿಟ್ಟಿತ್ತು. ನಿನ್ನೆ ಅವನು ನಿಂತದ್ದನ್ನು ನೋಡಿದ್ದು ಅವಳ ಕಣ್ಣಲ್ಲ. ಹಳೆಯ ಗಾಯ.

"ಇದನ್ನ ನಿನ್ನೇನೇ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರಾ? 'ಪಾಪ ಅನ್ನಿಸ್ತಾ ನಾನು?' ಅಂತ ಕೇಳಿ ಹೋಗ್ಬಿಟ್ರಿ." ಅವನ ದನಿ ಒಡೆಯಿತು. "ಸೋತಿದ್ದಕ್ಕೆ ನಂಗೆ ಬೇಜಾರಿಲ್ಲ. ಆ ಮಾತಿಗೆ... ನಾನು ಯಾವತ್ತು ನಿಮಗೆ ಪಾಪ ಅಂದೆ?"

ಎಂದೂ ಇಲ್ಲ. ಮೊದಲ ದಿನದಿಂದಲೂ ಇಲ್ಲ. ಅವಳು ತುಟಿ ಕಚ್ಚಿಕೊಂಡಳು.

"ಇನ್ನೊಂದು ಹೇಳ್ತೀನಿ, ಕೋಪ ಮಾಡ್ಕೋಬೇಡಿ." ಅವನು ನೆಲ ನೋಡಿದ. "ನಂಗೆ ನೀವಂದ್ರೆ ಇಷ್ಟ. ತುಂಬಾ ದಿನದಿಂದ. ಅದಕ್ಕೇ ನಿನ್ನೆ ನಿಮ್ಮ ಬಗ್ಗೆ ಗೊತ್ತಿರೋದನ್ನೆಲ್ಲ ತಗೊಂಡು ನಿಮ್ಮ ಮೇಲೇ ಬಂದೆ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಸಾಲಲಿಲ್ಲ... ನೀವು ಅಷ್ಟು ಮುಂದೆ ಹೋಗಿದ್ರಿ."

ಅವಳ ಕಣ್ಣು ತುಂಬಿ ಬಂತು. ಜೀವನದಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ.

"ಹಲ್ಲಕ್ಕಾ!" ಮಾಮನ ದನಿ. "ಏಳಾಗ್ತಾ ಬಂತು. ಹೊಡೀಲೋ, ಬಿಡಲೋ?"

ಅವನು ಉಸಿರಾಡಲಿಲ್ಲ.

"ಬಿಡಿ ಮಾಮ!" ಎಂದಳು. "ಇರಲಿ ನನ್ನ ಹೆಸರು."

"ಹಂಗನ್ನು! ಇಬ್ಬರೂ ಸೇರಿ ನನ್ನ ಬಿಪಿ ಏರಿಸ್ತೀರಲ್ರೋ!"

ಅವಳು ಕಣ್ಣೊರೆಸಿಕೊಂಡು ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. ತೆರೆಯ ಮೇಲೆ ನಿನ್ನೆಯ ಆಟ ಇನ್ನೂ ಓಡುತ್ತಿತ್ತು. ಮತ್ತೊಮ್ಮೆ ಬಿದ್ದಿದ್ದಳು. ಈ ಸಲ ಅವನಿಗೆ ತಾಳ್ಮೆ ತಪ್ಪಿ, ಹಿಡಿದೆಸೆಯಲು ನುಗ್ಗಿದ್ದ, ಏಟು ತಿಂದಿದ್ದ. ನುಗ್ಗುವ ಮುನ್ನ ಅವನ ಪಾತ್ರ ಅರ್ಧ ಹೆಜ್ಜೆ ಹಿಂದಕ್ಕೆ ಸರಿದದ್ದು ಕಂಡಿತು. ಅದಕ್ಕೂ ಹಿಂದಿನ ಸುತ್ತಿನಲ್ಲಿ? ಅಲ್ಲೂ ಅದೇ ಅರ್ಧ ಹೆಜ್ಜೆ.

ಅವನಿಗೂ ಒಂದು ಚಟ! ಅದರ ಪರಿವೆಯೇ ಅವನಿಗೆ ಇದ್ದಂತಿರಲಿಲ್ಲ.

"ಏನೂ ಹೇಳಲಿಲ್ಲ ನೀವು," ಅವನು ಮೆಲ್ಲಗೆ ಅಂದ.

"ಮೊದಲು ನಾಳೆ ಆಟ ಮುಗೀಲಿ."

"ಸರಿ. ಕಾಯ್ತೀನಿ."

"ಕಾಯೋದು ನಿಮಗೆ ಅಷ್ಟು ಚೆನ್ನಾಗಿ ಬರಲ್ಲ."

"ಅಂದ್ರೆ?"

"ಏನಿಲ್ಲ."

"ಮತ್ತೆ ನಗ್ತಿದ್ದೀರಲ್ಲ!"

"ಸುಮ್ನೆ. ಬೊಂಬೆ ಹಾಕಿ, ಅಭ್ಯಾಸ ಮಾಡೋಣ."

ಅವನು ಗುಂಡಿಗಳತ್ತ ಬಾಗಿದ. ಆ ಅರ್ಧ ಹೆಜ್ಜೆಯ ಸುದ್ದಿಯನ್ನು ಅವನಿಗೆ ಹೇಳಬಾರದು ಎಂದು ಅವಳು ಆ ಕ್ಷಣವೇ ನಿಶ್ಚಯಿಸಿಕೊಂಡಳು. ನಾಳೆಯಲ್ಲ, ನಾಡಿದ್ದಲ್ಲ, ಅವನಾಗಿ ಕಂಡುಕೊಳ್ಳುವವರೆಗೂ. ಬೇಕಾಗುತ್ತದೆ. ಇವನ ಜೊತೆ ಇನ್ನೂ ಎಷ್ಟೋ ವರ್ಷ ಆಡುವುದಿದೆಯಲ್ಲ.